ಫೈಟರ್ ಮೀನಿಗೆ ಹುಷಾರಿಲ್ಲವೇ? ಗಲ್ಫ್ ಮನೆಗಳಲ್ಲಿ ಬೆಟ್ಟಾ ಸಾಕುವವರು ತಿಳಿದಿರಬೇಕಾದ ರೋಗಲಕ್ಷಣ ಮತ್ತು ಚಿಕಿತ್ಸೆ

ನಾಯಿ, ಬೆಕ್ಕು ಸಾಕಲು ಕಟ್ಟಡದ ವಾಚ್‌ಮನ್ ಬಿಡುವುದಿಲ್ಲ. ಶೇರಿಂಗ್ ರೂಮಿನಲ್ಲಂತೂ ಕೇಳುವುದೇ ಬೇಡ. ಹೀಗಾಗಿ ಗಲ್ಫ್‌ನಲ್ಲಿರುವ ಎಷ್ಟೋ ಕನ್ನಡಿಗರ ಮನೆಯಲ್ಲಿ ಮಕ್ಕಳ ಹಟಕ್ಕೆ ಮಣಿದು ಬರುವ ಮೊದಲ ಸಾಕುಪ್ರಾಣಿ ಒಂದು ಫೈಟರ್ ಮೀನು. ಬೆಡ್‌ಸ್ಪೇಸ್‌ನಲ್ಲಿರುವ ಬ್ಯಾಚುಲರ್ ಹುಡುಗರೂ ಮೇಜಿನ ಮೂಲೆಯಲ್ಲಿ ಒಂದು ಗಾಜಿನ ಬಟ್ಟಲಿಟ್ಟುಕೊಂಡು ಇದನ್ನು ಸಾಕುತ್ತಾರೆ. ಶಾರ್ಜಾದ ಪಕ್ಷಿ-ಪ್ರಾಣಿ ಮಾರುಕಟ್ಟೆ, ದೋಹಾದ ಸೂಕ್ ವಾಕಿಫ್, ಕುವೈತ್‌ನ ಶುಕ್ರವಾರದ ಸಂತೆ, ಎಲ್ಲಿ ಹೋದರೂ ಪ್ಲಾಸ್ಟಿಕ್ ಲೋಟಗಳಲ್ಲಿ ಸಾಲಾಗಿ ಇಟ್ಟಿರುವ ಬಣ್ಣಬಣ್ಣದ ಫೈಟರ್‌ಗಳು ಕಣ್ಣು ಸೆಳೆಯುತ್ತವೆ.

ಮನೆಗೆ ತಂದ ಎರಡು-ಮೂರು ವಾರ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಂದು ದಿನ ಮೀನು ಊಟ ಬಿಡುತ್ತದೆ, ಮೂಲೆಯಲ್ಲಿ ಮುದುಡಿ ಕೂರುತ್ತದೆ. ಮಗು ಶಾಲೆಯಿಂದ ಬಂದು 'ಅಮ್ಮಾ, ಮೀನು ಯಾಕೆ ಸುಮ್ನೆ ಮಲಗಿದೆ?' ಅಂತ ಕೇಳಿದಾಗಲೇ ಮನೆಯವರ ಗಮನ ಅತ್ತ ಹೋಗುವುದು. ಅಂಗಡಿಗೆ ಓಡಿದರೆ ಯಾವುದೋ ನೀಲಿ ಔಷಧಿ ಕೊಡುತ್ತಾರೆ. ಅದನ್ನು ಹಾಕಿದ ಮಾರನೇ ದಿನ ಮೀನು ಸತ್ತಿರುತ್ತದೆ. ರೋಗಕ್ಕಿಂತ ಹೆಚ್ಚಾಗಿ ನೀರು, ಬಿಸಿ-ತಂಪಿನ ಏರುಪೇರು ಮತ್ತು ತಪ್ಪು ಔಷಧಿಯೇ ಇಂಥ ಸಾವಿಗೆ ಕಾರಣವಾಗುವುದು. ಹೆಚ್ಚಿನವನ್ನು ತಡೆಯಬಹುದು.

ಬೆಟ್ಟಾ ಎಂದರೆ ಯಾವ ಮೀನು?

ಹೆಸರು ಬೆಟ್ಟಾ ಆದರೂ ಮೈ ಬೆರಳುದ್ದ, ಸುಮಾರು 6 ಸೆಂಟಿಮೀಟರ್. ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಮೂಲ ಥಾಯ್ಲೆಂಡಿನ ಗದ್ದೆ, ಜೌಗು, ನಿಧಾನ ಹರಿವಿನ ಕಾಲುವೆಗಳು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎಂಬ ವಿಶೇಷ ಅಂಗ ಇರುವುದರಿಂದ ನೀರಿನ ಮೇಲ್ಮೈಗೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಹಾಗಾಗಿಯೇ ಲೋಟದಷ್ಟು ನೀರಿನಲ್ಲೂ ಕೆಲ ಕಾಲ ಬದುಕುತ್ತದೆ. ಇದನ್ನು ನೋಡಿ 'ಫೈಟರ್‌ಗೆ ಸಣ್ಣ ಬಟ್ಟಲು ಸಾಕು, ಫಿಲ್ಟರ್ ಬೇಡ' ಎಂದು ಅಂಗಡಿಯವರು ಹೇಳುವುದುಂಟು. ಆದರೆ ಉಸಿರಾಡಲು ಗಾಳಿ ಸಿಕ್ಕಿದ ಮಾತ್ರಕ್ಕೆ ಕೊಳೆನೀರಿನ ವಿಷ ತಪ್ಪುವುದಿಲ್ಲ. ಒಂದು ಮೀನಿಗೆ ಕನಿಷ್ಠ 10 ಲೀಟರ್, ಸಾಧ್ಯವಾದರೆ 20 ಲೀಟರ್ ನೀರು ಬೇಕು. ಚೆನ್ನಾಗಿ ನೋಡಿಕೊಂಡರೆ 2ರಿಂದ 4 ವರ್ಷ ಬದುಕುತ್ತದೆ. ಅಂಗಡಿಯಲ್ಲಿ ಸಿಗುವ ಗಂಡು ಮೀನಿಗೆ ಆಗಲೇ ಆರು ತಿಂಗಳೋ ಒಂದು ವರ್ಷವೋ ಆಗಿರುತ್ತದೆ ಎಂಬುದೂ ನೆನಪಿರಲಿ.

ಇವು ರೋಗವಲ್ಲ, ಗಾಬರಿ ಬೇಡ

* ನೀರಿನ ಮೇಲೆ ನೊರೆಯಂತೆ ಗುಳ್ಳೆಗಳ ರಾಶಿ ಕಂಡರೆ ಅದು ಗಂಡು ಮೀನು ಮೊಟ್ಟೆಗಾಗಿ ಕಟ್ಟುವ ಗೂಡು.
* ಎಲೆಯ ಮೇಲೆ ಅಥವಾ ತಳದಲ್ಲಿ ಸ್ವಲ್ಪ ಹೊತ್ತು ಒರಗಿಕೊಂಡು ಮಲಗುವುದು ಇದರ ಸ್ವಭಾವ. ಊಟದ ಹೊತ್ತಿಗೆ ಎದ್ದು ಬಂದರೆ ಸರಿ.
* ಹೆಣ್ಣು ಮೀನಿನ ಹೊಟ್ಟೆಯ ಕೆಳಗೆ ಒಂದೇ ಒಂದು ಬಿಳಿ ಚುಕ್ಕೆ ಇದ್ದರೆ ಅದು ಮೊಟ್ಟೆ ಇಡುವ ನಾಳ.
* ಮಾರ್ಬಲ್ ತಳಿಯ ಮೀನುಗಳ ಬಣ್ಣ ತಿಂಗಳುಗಳಲ್ಲಿ ತಾನಾಗಿಯೇ ಬದಲಾಗುತ್ತದೆ.
* ತುಂಡಾದ ಬಾಲದ ಅಂಚಿನಲ್ಲಿ ತೆಳ್ಳಗೆ, ಗಾಜಿನಂತೆ ಪಾರದರ್ಶಕ ಪೊರೆ ಬರುತ್ತಿದ್ದರೆ ಅದು ಹೊಸದಾಗಿ ಬೆಳೆಯುತ್ತಿರುವ ರೆಕ್ಕೆ, ಗುಣವಾಗುತ್ತಿರುವ ಗುರುತು.

ಈ ಲಕ್ಷಣ ಕಂಡರೆ ಎಚ್ಚರ

ಎರಡು ದಿನಕ್ಕಿಂತ ಹೆಚ್ಚು ಊಟ ಬಿಡುವುದು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಂತೆ ಮಡಚಿರುವುದು, ಬಣ್ಣ ಮಾಸುವುದು, ಕಲ್ಲು-ಗಿಡಕ್ಕೆ ಮೈ ಉಜ್ಜಿಕೊಳ್ಳುವುದು, ಕಿವಿರು ಬೇಗ ಬೇಗ ಆಡುವುದು, ಮೇಲ್ಮೈಯಲ್ಲಿ ಏದುಸಿರು ಬಿಡುವುದು. ಇವು ಯಾವ ಒಂದು ರೋಗದ ಹೆಸರನ್ನೂ ಹೇಳುವುದಿಲ್ಲ. 'ಏನೋ ಸರಿ ಇಲ್ಲ' ಎಂದಷ್ಟೇ ಹೇಳುತ್ತವೆ. ಇವು ಕಂಡ ತಕ್ಷಣ ಮಾಡಬೇಕಾದದ್ದು ಔಷಧಿ ಹಾಕುವುದಲ್ಲ, ನೀರು ನೋಡುವುದು.

ಮೊದಲ ಚಿಕಿತ್ಸೆ ನೀರೇ

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಇದನ್ನು ಮೊದಲು ನೈಟ್ರೈಟ್, ನಂತರ ಅಷ್ಟೊಂದು ವಿಷವಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹೊಸ ತೊಟ್ಟಿಯ ಮೀನು ಎರಡನೇ, ಮೂರನೇ ವಾರದಲ್ಲಿ ಕಾಯಿಲೆ ಬೀಳುವ ಗುಟ್ಟು ಇದೇ. ನೀರು ಕಣ್ಣಿಗೆ ಸ್ಫಟಿಕದಂತೆ ಕಂಡರೂ ಅಮೋನಿಯಾ ಇರಬಹುದು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 20 ಪಿಪಿಎಂ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ನೀರು ಬಿಸಿಯಾದಷ್ಟೂ, ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ತೀವ್ರವಾಗುತ್ತದೆ.

ಕಿಟ್ ಇಲ್ಲದಿದ್ದರೆ ಮೂರನೇ ಒಂದು ಭಾಗ ನೀರು ತೆಗೆದು ಅಷ್ಟೇ ಬಿಸಿಯ ಹೊಸ ನೀರು ಹಾಕಿ. ಮೂರ್ನಾಲ್ಕು ದಿನ ಹೀಗೇ ಮಾಡಿ. ಪೂರ್ತಿ ನೀರು ಚೆಲ್ಲಿ, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆಯುವುದು ದೊಡ್ಡ ತಪ್ಪು. ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತು ಕಥೆ ಮೊದಲಿಂದ ಶುರುವಾಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.

ಗಲ್ಫ್‌ನಲ್ಲಿ ಮಾತ್ರ ಎದುರಾಗುವ ತೊಂದರೆಗಳು

*ನಲ್ಲಿ ನೀರು:* ಉಡುಪಿ, ಭಟ್ಕಳ, ಪುತ್ತೂರು ಕಡೆ ಬಾವಿ ನೀರಲ್ಲಿ ಮೀನು ಸಾಕಿ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ಇಲ್ಲಿನ ನಲ್ಲಿಯಲ್ಲಿ ಬರುವುದು ಬಹುತೇಕ ಸಮುದ್ರದಿಂದ ಉಪ್ಪು ತೆಗೆದು ಶುದ್ಧೀಕರಿಸಿದ ನೀರು. ರೋಗಾಣು ಕೊಲ್ಲಲು ಕ್ಲೋರಿನ್ ಸೇರಿಸಿರುತ್ತಾರೆ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಆದರೆ ಕ್ಲೋರಮಿನ್ ಬಳಸಿದ ನೀರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಆದ್ದರಿಂದ ಅಕ್ವೇರಿಯಂ ಅಂಗಡಿಯ ವಾಟರ್ ಕಂಡೀಷನರ್ ಹಾಕುವುದೇ ಭದ್ರ.

*ಬೇಸಿಗೆಯ ಬಿಸಿ:* ಜೂನ್-ಆಗಸ್ಟ್‌ನಲ್ಲಿ ತಾರಸಿ ಟ್ಯಾಂಕಿನಿಂದ ಬರುವ 'ತಣ್ಣೀರು' ಕೈ ಸುಡುವಷ್ಟು ಬಿಸಿ ಇರುತ್ತದೆ. ಸ್ನಾನಕ್ಕೆ ಗೀಸರ್ ಆಫ್ ಮಾಡಿ ಅದರ ನೀರನ್ನೇ ತಣ್ಣೀರಾಗಿ ಬಳಸುವುದು ಇಲ್ಲಿರುವ ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಮೀನಿಗೆ ಅದು ಬೇಡ. ಹಿಂದಿನ ದಿನವೇ ಬಕೆಟ್ ತುಂಬಿಸಿ, ಕಂಡೀಷನರ್ ಹಾಕಿ, ತೊಟ್ಟಿ ಇರುವ ಕೋಣೆಯಲ್ಲೇ ಇಟ್ಟರೆ ಎರಡೂ ನೀರಿನ ಬಿಸಿ ಒಂದೇ ಆಗುತ್ತದೆ.

*ಎಸಿಯ ತಂಪು:* ಬೆಟ್ಟಾಗೆ 25ರಿಂದ 28 ಡಿಗ್ರಿ ಬೇಕು. ರಾತ್ರಿಯಿಡೀ ಎಸಿ 20ಕ್ಕೆ ಇಟ್ಟರೆ ಸಣ್ಣ ತೊಟ್ಟಿಯ ನೀರೂ ಅಲ್ಲಿಗೇ ಇಳಿಯುತ್ತದೆ. ಮೀನಿನ ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ ಎರಡೂ ಕುಗ್ಗುತ್ತವೆ. ಹೊರಗೆ 45 ಡಿಗ್ರಿ ಇರುವ ಊರಿನಲ್ಲಿ ಮೀನಿಗೆ ಹೀಟರ್ ಎಂದರೆ ನಗು ಬರಬಹುದು, ಆದರೆ ಅದು ನಿಜಕ್ಕೂ ಬೇಕು. 10-20 ಲೀಟರ್ ತೊಟ್ಟಿಗೆ 25 ಅಥವಾ 50 ವಾಟ್‌ನ, ತಾನಾಗಿಯೇ ಆಫ್ ಆಗುವ ಹೀಟರ್ ಸಾಕು. ಎಸಿಯ ಗಾಳಿ ನೇರವಾಗಿ ಬೀಳದ ಕಡೆ ತೊಟ್ಟಿ ಇಡಿ, ಮುಚ್ಚಳ ಇರಲಿ. ಒಂದು ಥರ್ಮಾಮೀಟರ್ ಅಂಟಿಸಿಡಿ.

*ತಿಗಣೆ, ಜಿರಲೆ ಔಷಧಿ:* ಕಟ್ಟಡದಲ್ಲಿ ಪೆಸ್ಟ್ ಕಂಟ್ರೋಲ್ ಮಾಡಿಸುವ ದಿನ ಮೀನಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಇಂಥ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಸ್ಪ್ರೇಗೆ ಮೊದಲೇ ತೊಟ್ಟಿಯನ್ನು ಪಕ್ಕದ ಮನೆಗೆ ಸಾಗಿಸಿ. ಸಾಧ್ಯವೇ ಇಲ್ಲ ಎಂದರೆ ಗಾಳಿ ಪಂಪ್ ನಿಲ್ಲಿಸಿ, ಪ್ಲಾಸ್ಟಿಕ್ ಹೊದಿಸಿ, ವಾಸನೆ ಹೋದ ಮೇಲೆಯೇ ತೆಗೆಯಿರಿ.

ಸಾಮಾನ್ಯ ರೋಗಗಳು: ಗುರುತು ಮತ್ತು ಚಿಕಿತ್ಸೆ

1. ಬಿಳಿ ಚುಕ್ಕೆ ರೋಗ (ಇಕ್): ಮೈಮೇಲೆ, ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಕಾಳುಗಳು. ಮೀನು ಅಲ್ಲಲ್ಲಿ ಮೈ ಉಜ್ಜುತ್ತದೆ. ಕಾರಣ ಒಂದು ಪರೋಪಜೀವಿ. ಚರ್ಮದೊಳಗೆ ಇರುವಾಗ ಅದಕ್ಕೆ ಔಷಧಿ ತಟ್ಟುವುದಿಲ್ಲ. ಬಲಿತು ತಳಕ್ಕೆ ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಚುಕ್ಕೆ ಮಾಯವಾಯಿತು ಅಂತ ಮೂರನೇ ದಿನಕ್ಕೆ ಔಷಧಿ ನಿಲ್ಲಿಸಿದರೆ ಮುಂದಿನ ವಾರ ಎರಡು ಪಟ್ಟು ಬರುತ್ತದೆ. ನೀರಿನ ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ರವರೆಗೆ ಏರಿಸಿದರೆ ಈ ಚಕ್ರ ಬೇಗ ಮುಗಿಯುತ್ತದೆ. ಜೊತೆಗೆ ಅಕ್ವೇರಿಯಂ ಉಪ್ಪು ಅಥವಾ ಇಕ್ ಔಷಧಿ. ಒಟ್ಟು 10ರಿಂದ 14 ದಿನ ಬಿಡದೆ ಮಾಡಬೇಕು.

2. ವೆಲ್ವೆಟ್: ಬರಿಗಣ್ಣಿಗೆ ಸುಲಭವಾಗಿ ಕಾಣದು. ದೀಪ ಆರಿಸಿ ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಮೈಮೇಲೆ ಚಿನ್ನದ ಅಥವಾ ತುಕ್ಕಿನ ಬಣ್ಣದ ಸಣ್ಣ ದೂಳು ಮಿನುಗುತ್ತದೆ. ರೆಕ್ಕೆ ಮಡಚಿಕೊಂಡು, ಊಟ ಬಿಟ್ಟು, ಉಸಿರಾಟ ಜೋರಾಗಿರುತ್ತದೆ. ಬೆಟ್ಟಾಗಳಲ್ಲಿ ಇದು ಬೇಗ ಕೊಲ್ಲುವ ರೋಗ. ಇದನ್ನು ತರುವ ಜೀವಿ ಬೆಳಕಿನಿಂದಲೂ ಶಕ್ತಿ ಪಡೆಯುವುದರಿಂದ ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲು ಮಾಡಬೇಕು. ತಾಮ್ರದ ಅಂಶವಿರುವ ಔಷಧಿ ಪರಿಣಾಮಕಾರಿ. ಆದರೆ ಅದೇ ತಾಮ್ರ ಬಸವನಹುಳು, ಸಿಗಡಿಗಳನ್ನು ಕೊಲ್ಲುತ್ತದೆ.

3. ರೆಕ್ಕೆ ಕೊಳೆತ (ಫಿನ್ ರಾಟ್): ಬಾಲದ ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ಗೆದ್ದಲು ತಿಂದ ಹಾಗೆ ದಿನದಿಂದ ದಿನಕ್ಕೆ ಒಳಕ್ಕೆ ಸವೆಯುತ್ತದೆ. ಕೊಳೆ ನೀರಿನಲ್ಲಿ ಬ್ಯಾಕ್ಟೀರಿಯಾದಿಂದ ಬರುತ್ತದೆ. ಬಾಲ ಇದ್ದಕ್ಕಿದ್ದಂತೆ ನೇರವಾಗಿ ಹರಿದಿದ್ದರೆ ಅದು ರೋಗವಲ್ಲ, ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿದ್ದೋ ಮೀನು ತಾನೇ ಕಚ್ಚಿಕೊಂಡಿದ್ದೋ ಆಗಿರುತ್ತದೆ. ಎರಡಕ್ಕೂ ಮೊದಲ ಮದ್ದು ಶುದ್ಧ ನೀರು, ಜೊತೆಗೆ ಒಂದು ವಾರದಿಂದ ಹತ್ತು ದಿನ ಉಪ್ಪು. ಕೊಳೆತ ಮೈಯ ಮಾಂಸದ ಹತ್ತಿರ ಬಂದರೆ ಬ್ಯಾಕ್ಟೀರಿಯಾದ ಔಷಧಿ ಬೇಕಾಗುತ್ತದೆ. ಗಿಡ ಬೇಕಿದ್ದರೆ ಪ್ಲಾಸ್ಟಿಕ್ ಬದಲು ರೇಷ್ಮೆ ಬಟ್ಟೆಯದ್ದೋ ಜೀವಂತ ಗಿಡವೋ ಇಡಿ.

4. ಹತ್ತಿಯಂಥ ಬೆಳವಣಿಗೆ: ಇಲ್ಲಿ ಹೆಚ್ಚಿನವರು ತಪ್ಪುವುದು. ಗಾಯದ ಮೇಲೆ ಹತ್ತಿ ಉಂಡೆಯಂತೆ ಉಬ್ಬಿ ಬೆಳೆದರೆ ಅದು ಶಿಲೀಂಧ್ರ. ಮೆಥಿಲೀನ್ ಬ್ಲೂ ಅಥವಾ ಶಿಲೀಂಧ್ರದ ಔಷಧಿಗೆ ಬಗ್ಗುತ್ತದೆ. ಆದರೆ ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಜೀನು ಹಾಕಿದಂತೆ ಬೂದು-ಬಿಳಿ ತೇಪೆ ಬಂದರೆ ಅದು ಕೊಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ತೀವ್ರವಾದಾಗ ಒಂದೆರಡು ದಿನದಲ್ಲಿ ಮೀನು ಸಾಯಬಹುದು. ಬಿಸಿ ನೀರಿನಲ್ಲಿ ಇದು ಇನ್ನೂ ವೇಗವಾಗಿ ಹರಡುತ್ತದೆ. ಬಿಳಿ ಚುಕ್ಕೆ ರೋಗ ಎಂದುಕೊಂಡು ಹೀಟರ್ ಏರಿಸಿದರೆ ಕೈಯಾರೆ ಕೊಂದಂತೆ. ನೀರನ್ನು ನಿಧಾನವಾಗಿ 24 ಡಿಗ್ರಿಗೆ ಇಳಿಸಿ, ಗಾಳಿ ಪಂಪ್ ಹಾಕಿ, ಪಶುವೈದ್ಯರ ಸಲಹೆಯಂತೆ ಬ್ಯಾಕ್ಟೀರಿಯಾದ ಔಷಧಿ ಶುರುಮಾಡಬೇಕು.

5. ತೇಲುವುದು, ಮುಳುಗುವುದು: ಮೀನು ಒಂದು ಪಕ್ಕಕ್ಕೆ ವಾಲಿ ತೇಲಿದರೆ ಅಥವಾ ತಳದಿಂದ ಏಳಲಾಗದಿದ್ದರೆ ಒಳಗಿನ ಗಾಳಿಚೀಲದ ತೊಂದರೆ. ಹೆಚ್ಚಾಗಿ ಅತಿಯಾಗಿ ತಿಂದು ಹೊಟ್ಟೆ ಕಟ್ಟಿದ್ದೇ ಕಾರಣ. ಮನೆಯಲ್ಲಿ ಮೂವರಿದ್ದರೆ ಮೂವರೂ ಒಂದೊಂದು ಸಲ ಊಟ ಹಾಕಿರುತ್ತಾರೆ! ಎರಡು-ಮೂರು ದಿನ ಉಪವಾಸ ಕೆಡವಿ, ನೀರನ್ನು 27-28 ಡಿಗ್ರಿಯಲ್ಲಿಡಿ, ಮೇಲೇರಲು ಕಷ್ಟವಾಗದಂತೆ ನೀರಿನ ಮಟ್ಟ ತಗ್ಗಿಸಿ. ಬೇಯಿಸಿದ ಬಟಾಣಿ ಕೊಡಿ ಎಂಬ ಸಲಹೆ ಎಲ್ಲೆಡೆ ಇದೆ. ಆದರೆ ಬೆಟ್ಟಾ ಹುಳ-ಕೀಟ ತಿನ್ನುವ ಮೀನು. ಉಪವಾಸದ ನಂತರ ಡಾಫ್ನಿಯಾ ಕೊಡುವುದು ಮೇಲು. ಮುಂದೆಯೂ ದಿನಕ್ಕೆ ಎರಡು ಹೊತ್ತು, ಪ್ರತಿ ಸಲ ಎರಡು-ಮೂರು ಕಾಳು ಸಾಕು.

6. ಹುರುಪೆ ಎದ್ದು ಮೈ ಊದುವುದು (ಡ್ರಾಪ್ಸಿ): ಮೇಲಿಂದ ನೋಡಿದರೆ ಸೀತಾಫಲದ ಸಿಪ್ಪೆಯ ಹಾಗೆ ಹುರುಪೆಗಳು ಎದ್ದು ನಿಂತಿರುತ್ತವೆ, ಹೊಟ್ಟೆ ಊದಿರುತ್ತದೆ. ಮೂತ್ರಪಿಂಡ ಸೋತು ದೇಹದಲ್ಲಿ ನೀರು ತುಂಬಿಕೊಂಡ ಲಕ್ಷಣ ಇದು. ಈ ಹಂತಕ್ಕೆ ಬಂದ ಮೀನು ಉಳಿಯುವುದು ಅಪರೂಪ. ಸಾಮಾನ್ಯ ಉಪ್ಪು ಇಲ್ಲಿ ಬೇಡ, ನೀರು ಇನ್ನೂ ತುಂಬಿಕೊಳ್ಳಬಹುದು. ಊತ ಇಳಿಸಲು ಬಳಸುವುದು ಮೆಗ್ನೀಷಿಯಂ ಸಲ್ಫೇಟ್, ಅಂದರೆ ಎಪ್ಸಮ್ ಉಪ್ಪು. ಜೊತೆಗೆ ಬ್ಯಾಕ್ಟೀರಿಯಾದ ಔಷಧಿ ಬೇಕು.

7. ಕಣ್ಣು ಊದುವುದು: ಒಂದೇ ಕಣ್ಣಾದರೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು, ಶುದ್ಧ ನೀರಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಎರಡೂ ಕಣ್ಣು ಊದಿದರೆ ಒಳಗಿನ ಸೋಂಕು ಎಂದು ತಿಳಿಯಬೇಕು.

ಔಷಧಿ ಹಾಕುವ ಮುನ್ನ

* ಲೀಟರ್ ಲೆಕ್ಕ ಮಾಡಿ. ಉದ್ದ, ಅಗಲ, ನೀರಿನ ಎತ್ತರ, ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿ. 30×20×17 ಆದರೆ 10.2 ಲೀಟರ್. ಅಂದಾಜಿನಲ್ಲಿ ಸುರಿದ ಔಷಧಿಯೇ ಎಷ್ಟೋ ಮೀನುಗಳ ಪ್ರಾಣ ತೆಗೆಯುವುದು.
* ಬೇರೆ ಪಾತ್ರೆ ಇರಲಿ. ಒಂದು 5-10 ಲೀಟರ್‌ನ ಸ್ವಚ್ಛ ಪ್ಲಾಸ್ಟಿಕ್ ಡಬ್ಬ, ಹೀಟರ್, ಅಡಗಲು ಒಂದು ಮಗ್. ಇಷ್ಟಾದರೆ ಆಸ್ಪತ್ರೆ ರೆಡಿ. ಸೋಪು ಮುಟ್ಟಿರದ ಡಬ್ಬವಾಗಿರಲಿ. ಮೆಥಿಲೀನ್ ಬ್ಲೂವಿನಂಥ ಔಷಧಿ ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಚಿಕಿತ್ಸೆ ಇಲ್ಲೇ ನಡೆಯಬೇಕು. ಈ ಡಬ್ಬದಲ್ಲಿ ಫಿಲ್ಟರ್ ಇಲ್ಲದ್ದರಿಂದ ದಿನವೂ ನೀರು ಬದಲಿಸಬೇಕು. ಬಿಳಿ ಚುಕ್ಕೆ ಮತ್ತು ವೆಲ್ವೆಟ್ ಮಾತ್ರ ನೀರಿನಲ್ಲೂ ಹರಡಿರುವುದರಿಂದ ಮುಖ್ಯ ತೊಟ್ಟಿಗೂ ಚಿಕಿತ್ಸೆ ಬೇಕು.
* ಉಪ್ಪಿನ ಪ್ರಮಾಣ: ಬೇರೇನೂ ಬೆರೆಸದ ಅಕ್ವೇರಿಯಂ ಉಪ್ಪು, ಸುಮಾರು 4 ಲೀಟರ್‌ಗೆ ಒಂದು ಟೀ ಚಮಚ. ಬೇರೆ ಲೋಟದಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಅರ್ಧ ನೀರು ಬದಲಿಸಿದರೆ ಅರ್ಧದಷ್ಟೇ ಉಪ್ಪು ಮತ್ತೆ ಹಾಕಿ. 10 ದಿನಕ್ಕಿಂತ ಹೆಚ್ಚು ಬೇಡ.
* ಫಿಲ್ಟರ್‌ನ ಇದ್ದಿಲು ತೆಗೆಯಿರಿ. ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ.
* ಒಂದು ಸಲಕ್ಕೆ ಒಂದೇ ಔಷಧಿ. 'ಎರಡೂ ಹಾಕಿಬಿಡೋಣ' ಎನ್ನುವುದು ಬೇಡ.
* ಊರಿಂದ ತಂದ ಮಾತ್ರೆ ಬೇಡ. ಬ್ಯಾಗ್‌ನಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಸುರಿಯುವುದು ಮೀನಿಗೂ ಉಪಯೋಗವಿಲ್ಲ, ಔಷಧಿಗೆ ಬಗ್ಗದ ರೋಗಾಣು ಬೆಳೆಯಲೂ ದಾರಿ.

ಒಣಗಿದ ಕಾಡುಬಾದಾಮಿ ಎಲೆಯನ್ನೂ ಅಂಗಡಿಗಳಲ್ಲಿ ಮಾರುತ್ತಾರೆ. ನಮ್ಮ ಕರಾವಳಿಯ ಶಾಲೆಯಂಗಳದಲ್ಲಿ ನೆರಳು ಕೊಡುವ ಅದೇ ಮರ. ಎಲೆಯ ಒಗರು ನೀರನ್ನು ಚಹಾ ಬಣ್ಣಕ್ಕೆ ತಿರುಗಿಸುತ್ತದೆ, ಬೆಟ್ಟಾಗೆ ಹಿತ. ಸಣ್ಣಪುಟ್ಟ ಗಾಯಕ್ಕೆ ನೆರವಾಗಬಹುದು, ಆದರೆ ಮೇಲಿನ ಯಾವ ರೋಗಕ್ಕೂ ಇದೊಂದೇ ಔಷಧಿಯಲ್ಲ.

ಮನೆಯವರ ಆರೋಗ್ಯ

ಮೀನಿನ ತೊಟ್ಟಿಯಲ್ಲಿ ಇರಬಹುದಾದ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ರೋಗಾಣು ಕೈಯ ಗಾಯದ ಮೂಲಕ ಮನುಷ್ಯರಿಗೂ ತಗಲುತ್ತದೆ. ವಾರಗಟ್ಟಲೆ ಮಾಯದ ಗಂಟು, ಹುಣ್ಣು ಬರುತ್ತದೆ. ಸೈಟಿನಲ್ಲಿ, ಗ್ಯಾರೇಜಿನಲ್ಲಿ ಕೆಲಸ ಮಾಡಿ ಕೈ ಗೀಚಿಕೊಂಡವರು ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ಪೈಪನ್ನು ಬಾಯಲ್ಲಿ ಎಳೆದು ನೀರು ಹರಿಸಬೇಡಿ. ಅಡುಗೆಮನೆಯ ಪಾತ್ರೆ, ಸಿಂಕ್ ಬಳಸಬೇಡಿ. ಇಂಥ ಹುಣ್ಣಿಗೆ ವೈದ್ಯರ ಬಳಿ ಹೋದಾಗ 'ಮನೆಯಲ್ಲಿ ಮೀನಿದೆ' ಎಂದು ಹೇಳಿ, ಅದರಿಂದ ರೋಗ ಬೇಗ ಪತ್ತೆಯಾಗುತ್ತದೆ.

ರಜೆಗೆ ಊರಿಗೆ ಹೊರಟಾಗ

ಆರೋಗ್ಯವಂತ ದೊಡ್ಡ ಬೆಟ್ಟಾ ಒಂದು ವಾರ ಊಟವಿಲ್ಲದೆ ಇರಬಲ್ಲದು. ಆದರೆ ಜುಲೈ-ಆಗಸ್ಟ್‌ನ ದೊಡ್ಡ ರಜೆಗೆ, ಎಸಿ ಆಫ್ ಮಾಡಿ ಬೀಗ ಹಾಕಿದ ಮನೆಯಲ್ಲಿ ಅದನ್ನು ಬಿಟ್ಟು ಹೋಗುವುದೆಂದರೆ ಬೇಯಲು ಬಿಟ್ಟಂತೆ. ನೀರಿನಲ್ಲಿ ಕರಗುವ 'ರಜಾ ಆಹಾರ'ದ ಬಿಲ್ಲೆ ಸಣ್ಣ ತೊಟ್ಟಿಯ ನೀರನ್ನೇ ಕೆಡಿಸುತ್ತದೆ. ಊರಿಗೆ ಹೋಗದ ಸ್ನೇಹಿತರ ಮನೆಗೆ ತೊಟ್ಟಿಯನ್ನೇ ಕೊಟ್ಟು ಬರುವುದು ಸರಿಯಾದ ದಾರಿ. ವಾರದ ಮಾತ್ರೆ ಡಬ್ಬಿಯಲ್ಲಿ ದಿನಕ್ಕಿಷ್ಟು ಕಾಳು ಎಂದು ಮೊದಲೇ ತುಂಬಿಸಿ ಕೊಟ್ಟರೆ ಅವರು ಹೆಚ್ಚು ಹಾಕುವ ಭಯವಿಲ್ಲ. ಕಂಡೀಷನರ್ ಬಾಟಲಿಯನ್ನೂ ಜೊತೆಗೆ ಕೊಡಿ. ಕೆಲಸ ಮುಗಿಸಿ ಪೂರ್ತಿ ಊರಿಗೆ ಮರಳುವವರು ಮೀನನ್ನು ಸಾಕುವವರಿಗೆ ದಾಟಿಸಬೇಕೇ ಹೊರತು ಪಾರ್ಕಿನ ಕೊಳಕ್ಕೋ ವಾದಿಯ ನೀರಿಗೋ ಬಿಡಬಾರದು.

ಉಳಿಯದು ಎಂದಾದಾಗ

ಎಲ್ಲ ಮಾಡಿದ ಮೇಲೂ ಕೆಲವು ಮೀನು ಉಳಿಯುವುದಿಲ್ಲ. ದಿನಗಟ್ಟಲೆ ಊಟವಿಲ್ಲದೆ, ಹುರುಪೆ ಎದ್ದು ನರಳುವ ಮೀನಿಗೆ ನೋವಿಲ್ಲದ ಸಾವು ಕೊಡುವುದು ಕ್ರೌರ್ಯವಲ್ಲ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಮತ್ತು ಬರಿಸುತ್ತದೆ. ಪ್ರಮಾಣ ಹೆಚ್ಚಿದಾಗ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ. ಪಶುವೈದ್ಯರನ್ನು ಕೇಳಿಯೇ ಇದನ್ನು ಮಾಡುವುದು ಒಳ್ಳೆಯದು. ಜೀವ ಇರುವಾಗಲೇ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡುವುದು, ಫ್ರೀಜರ್‌ನಲ್ಲಿಡುವುದು ಎರಡೂ ಹಿಂಸೆ.

ಮಗು ಶಾಲೆಗೆ ಹೋದಾಗ ಗುಟ್ಟಾಗಿ ಅದೇ ಬಣ್ಣದ ಇನ್ನೊಂದು ಮೀನು ತಂದು ಬಿಡುವವರಿದ್ದಾರೆ. ಹಳೆಯ ನೀರು ಹಾಗೇ ಇದ್ದರೆ ಆ ಮೀನಿಗೂ ಅದೇ ಗತಿ. ತೊಟ್ಟಿ ತೊಳೆದು, ಒಣಗಿಸಿ, ಏನು ತಪ್ಪಾಯಿತು ಎಂದು ಮಗುವಿನ ಜೊತೆಗೇ ಕೂತು ನೋಡಿ. ಮುಂದಿನ ಮೀನು ಬರುವ ಮೊದಲು ಥರ್ಮಾಮೀಟರ್, ಕಂಡೀಷನರ್, ಟೆಸ್ಟ್ ಕಿಟ್ ಮನೆಗೆ ಬರಲಿ. ವಾರಕ್ಕೊಮ್ಮೆ, ಶುಕ್ರವಾರವೋ ಭಾನುವಾರವೋ ಮನೆಯಲ್ಲಿ ರಜೆ ಇರುವ ದಿನ, ಕಾಲು ಭಾಗ ನೀರು ಬದಲಿಸುವ ಕೆಲಸವನ್ನು ಆ ಮಗುವಿಗೇ ಕೊಡಿ.